ಬೀದರಿನ ಧರ್ಮಕೇಂದ್ರ: ಹಳೆಯ ಗಡಿ, ಮುಂದಿನ ಲೆಕ್ಕ

2005ರ ಜೂನ್ 24, ಸ್ನಾನಿಕ ಯೊವಾನ್ನರ ಜನ್ಮೋತ್ಸವದ ದಿನ. ಎರಡು ತಿಂಗಳ ಹಿಂದಷ್ಟೇ ಪೇತ್ರರ ಪೀಠವೇರಿದ್ದ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಅಂದು ಗುಲ್ಬರ್ಗ ಧರ್ಮಕ್ಷೇತ್ರವನ್ನು ಸ್ಥಾಪಿಸಿದರು. ಬಳ್ಳಾರಿ ಧರ್ಮಕ್ಷೇತ್ರದಿಂದಲೂ ಹೈದರಾಬಾದ್ ಮಹಾಧರ್ಮಕ್ಷೇತ್ರದಿಂದಲೂ ಪ್ರದೇಶ ಬಿಡಿಸಿ ಕಟ್ಟಿದ ಹೊಸ ಕ್ಷೇತ್ರ ಅದು. ಮಂಗಳೂರು ಧರ್ಮಕ್ಷೇತ್ರದ ಗುರು ರಾಬರ್ಟ್ ಮೈಕಲ್ ಮಿರಾಂಡ ಅವರು ಅದರ ಮೊದಲ ಧರ್ಮಾಧ್ಯಕ್ಷರಾದರು. ಬೀದರ್, ಭಾಲ್ಕಿ, ಔರಾದ್ ಕಡೆಯ ಕಥೋಲಿಕರಿಗೆ ಆ ಆದೇಶದಿಂದ ಆದ ಬದಲಾವಣೆ ಇಷ್ಟು: ತಮ್ಮ ಧರ್ಮಾಧ್ಯಕ್ಷರ ಪೀಠ ಇನ್ನು ಹೈದರಾಬಾದಿನಲ್ಲಿಲ್ಲ, ಕಲಬುರಗಿಯಲ್ಲಿದೆ.

ರಾಜ್ಯದ ನಕ್ಷೆಯಲ್ಲಿ ಬೀದರ್ ಕನ್ನಡ ನಾಡಿಗೆ ಸೇರಿದ್ದು 1956ರ ನವೆಂಬರ್ 1ರಂದು. ಧರ್ಮಸಭೆಯ ನಕ್ಷೆಯಲ್ಲಿ ಸೇರಲು ಅಲ್ಲಿಂದ ಮುಂದೆ ಹತ್ತಿರ ಹತ್ತಿರ ನಲವತ್ತೊಂಬತ್ತು ವರ್ಷ ಹಿಡಿಯಿತು. ಅಂದರೆ ಎರಡು ತಲೆಮಾರು. ಏಕೀಕರಣದ ವರ್ಷ ಜ್ಞಾನಸ್ನಾನ ಪಡೆದ ಮಗು ಹೊಸ ಧರ್ಮಕ್ಷೇತ್ರ ಬಂದಾಗ ಮೊಮ್ಮಕ್ಕಳನ್ನು ಕಾಣುವ ವಯಸ್ಸಿನಲ್ಲಿತ್ತು. ಧರ್ಮಕೇಂದ್ರದ ಭವಿಷ್ಯದ ಯೋಜನೆ ಎಂದ ಕೂಡಲೇ ಹೊಸ ಚರ್ಚಿನ ನೀಲನಕ್ಷೆ, ಗಂಟೆಗೋಪುರ, ಸಭಾಭವನಗಳನ್ನೇ ನೆನೆಯುವ ಅಭ್ಯಾಸ ನಮ್ಮಲ್ಲಿದೆ. ಬೀದರಿನ ಇತಿಹಾಸ ಓದಿದರೆ ಕಣ್ಣಿಗೆ ಬೀಳುವುದು ಬೇರೆಯದೇ ಸಂಗತಿ. ಇಲ್ಲಿ ಮುಂದಿನದನ್ನು ನಿರ್ಧರಿಸಿದ್ದು ಗಡಿ, ಭಾಷೆ, ಪುಸ್ತಕದಲ್ಲಿ ಬರೆದಿಟ್ಟ ಹೆಸರುಗಳು ಮತ್ತು ತಯಾರಾದ ಜನ. ಕಟ್ಟಡದ ಸರದಿ ಬಂದದ್ದು ಅವೆಲ್ಲದರ ನಂತರ.

ಹೈದರಾಬಾದಿನ ಕಥೋಲಿಕ ಆಡಳಿತ ಪ್ರತ್ಯೇಕವಾದದ್ದು 1851ರಲ್ಲಿ, ಮದರಾಸಿನಿಂದ ಬಿಡುಗಡೆಗೊಂಡು. ಮೊದಲ ಧರ್ಮಾಧಿಕಾರಿ ಐರ್ಲೆಂಡಿನ ಡೇನಿಯಲ್ ಮರ್ಫಿ. ಅವರು ಮುಂದೆ ಆಸ್ಟ್ರೇಲಿಯದ ಹೋಬಾರ್ಟಿಗೆ ಹೋದರು. ನಂತರದ ದಶಕಗಳಲ್ಲಿ ಇಟಲಿಯ ಮಿಲಾನಿನ ಮಿಶನರಿಗಳು ಈ ಪ್ರಾಂತ್ಯದ ಹೊಣೆ ಹೊತ್ತರು. 1886ರಲ್ಲಿ ಅದು ಪೂರ್ಣ ಧರ್ಮಕ್ಷೇತ್ರವಾಯಿತು. 1953ರ ಸೆಪ್ಟೆಂಬರ್ 19ರಂದು, ಬೆಂಗಳೂರು ಮಹಾಧರ್ಮಕ್ಷೇತ್ರದ ಪದವಿಗೇರಿದ ದಿನವೇ, ಹೈದರಾಬಾದಿಗೂ ಆ ಪದವಿ ಬಂತು. ನಿಜಾಮರ ರಾಜ್ಯ ಎಂದರೆ ತೆಲುಗು, ಮರಾಠಿ, ಕನ್ನಡ ಮೂರೂ ನಾಡುಗಳು ಕೂಡಿದ ರಾಜ್ಯ. ಅಷ್ಟು ದೊಡ್ಡ ವಿಸ್ತಾರದೊಳಗೆ ಬೀದರ್ ಇತ್ತು.

ಕನ್ನಡದ ಮಟ್ಟಿಗೆ ಆ ಭಾಗದ ಕಥೋಲಿಕ ಬೇರು ಆಳವಾದದ್ದೇ. ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದ ಒಂದು ಕ್ರೈಸ್ತ ಸಮುದಾಯ ಬಾಳಿ ಬಂದಿದೆ. ಗೋವೆಯ ಕಡೆಯಿಂದ ಬಂದ ಯೇಸುಸಭೆಯ ಗುರುಗಳ ಕೆಲಸ ಅದರ ಹಿಂದಿದೆ. ಅರಸೊತ್ತಿಗೆಗಳು ಬದಲಾದವು, ಮೇಲಧಿಕಾರದ ಊರೂ ಬದಲಾಯಿತು, ಮುದಗಲ್ಲಿನ ಜನ ಮಾತ್ರ ಕನ್ನಡದಲ್ಲೇ ಜಪಸರ ಎಣಿಸುತ್ತ ಉಳಿದರು. ಬೀದರಿನ ಕಥೋಲಿಕ ಬದುಕು ಅದಕ್ಕಿಂತ ತೀರ ಎಳೆಯದು. ಜಿಲ್ಲೆಯಲ್ಲಿ ಕ್ರೈಸ್ತರೆಂದರೆ ಜನರಿಗೆ ಇವತ್ತಿಗೂ ಮೊದಲು ನೆನಪಾಗುವುದು ಮೆಥೋಡಿಸ್ಟ್ ಸಭೆ. ಹಳ್ಳಿಹಳ್ಳಿಯಲ್ಲಿ ಬೇರುಬಿಟ್ಟ ಸಭೆ ಅದು. ಕಥೋಲಿಕರು ಅವರ ಪಕ್ಕದ ಸಣ್ಣ ಮನೆಯವರು. ಮದುವೆ, ಮಣ್ಣು, ಕ್ರಿಸ್ಮಸ್ಸು ಎಲ್ಲದರಲ್ಲೂ ಇಬ್ಬರ ನಡುವೆ ಕೊಡುಕೊಳ್ಳುವಿಕೆ ಇದೆ. ಇಲ್ಲಿ ಯಾವ ಯೋಜನೆ ಮಾಡಿದರೂ ಈ ನೆರೆಹೊರೆಯನ್ನು ಬಿಟ್ಟು ಮಾಡುವಂತಿಲ್ಲ.

1956ರ ರಾಜ್ಯ ಪುನರ್ವಿಂಗಡಣೆ ಬೀದರ್ ಜಿಲ್ಲೆಯನ್ನು ಇಡಿಯಾಗಿ ಎತ್ತಿಕೊಟ್ಟದ್ದಲ್ಲ, ಕತ್ತರಿಸಿ ಕೊಟ್ಟದ್ದು. ಅಹಮದ್‌ಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯದ ಪಾಲಾದವು. ಜಹೀರಾಬಾದ್ ಮತ್ತು ನಾರಾಯಣಖೇಡ ಆಂಧ್ರಕ್ಕೆ ಹೋದವು. ಜಹೀರಾಬಾದ್ ತಾಲ್ಲೂಕಿನಲ್ಲಿದ್ದ ನಿರ್ಣಾ ವೃತ್ತ ಇತ್ತ ಉಳಿಯಿತು, ಬೀದರ್ ತಾಲ್ಲೂಕಿನಲ್ಲಿದ್ದ ನ್ಯಾಲಕಲ್ ವೃತ್ತ ಅತ್ತ ಹೋಯಿತು. ಒಂದೇ ಮನೆತನದ ಅಣ್ಣನ ಹೊಲ ಒಂದು ರಾಜ್ಯದಲ್ಲಿ, ತಮ್ಮನ ಹೊಲ ಇನ್ನೊಂದು ರಾಜ್ಯದಲ್ಲಿ ಉಳಿದ ಕಾಲ. ಧರ್ಮಕ್ಷೇತ್ರದ ಗಡಿ ಆಗ ಕದಲಲಿಲ್ಲ. ನಿಜಾಮರ ಕನ್ನಡ ಜಿಲ್ಲೆಗಳಲ್ಲಿ ರಾಯಚೂರು, ಕಲಬುರಗಿಗಳು ಬಳ್ಳಾರಿ ಧರ್ಮಾಧ್ಯಕ್ಷರ ಆಡಳಿತಕ್ಕೆ ಬಂದ ಮೇಲೂ ಬೀದರ್ ಹೈದರಾಬಾದಿನಲ್ಲೇ ಇತ್ತು. ಅದಕ್ಕೆ ಪ್ರಾಯೋಗಿಕ ಕಾರಣವೂ ಇರಬೇಕು. ಬೀದರಿನ ಜನಕ್ಕೆ ಆಸ್ಪತ್ರೆ, ಕೂಲಿ, ಕಾಲೇಜು, ಮಾರುಕಟ್ಟೆ ಎಲ್ಲದಕ್ಕೂ ಹೈದರಾಬಾದೇ ಹತ್ತಿರದ ಮಹಾನಗರ. ಈಗಲೂ ಹಾಗೆಯೇ.

ಹಾಗಿದ್ದರೂ ಭಾಷೆಯ ವಿಷಯದಲ್ಲಿ ಆ ಗಡಿ ಕಾಲ ಕಳೆದಂತೆ ತೊಡಕಾಯಿತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಪವಿತ್ರ ಉಪಾಸನೆಯ ಸಂವಿಧಾನವನ್ನು ಹೊರತಂದು ಜನಭಾಷೆಯ ಪೂಜೆಗೆ ಬಾಗಿಲು ತೆರೆಯಿತು. ಲತೀನಿನ ಕಾಲದಲ್ಲಿ ಮಿಲಾನಿನ ಗುರುವಾದರೂ ತೆಲಂಗಾಣದ ಗುರುವಾದರೂ ಪೂಜಾಪೀಠದಲ್ಲಿ ಒಂದೇ ಭಾಷೆ. ಜನಭಾಷೆ ಬಂದ ಮೇಲೆ ಗುರುವಿನ ಭಾಷೆ ಯಾವುದು, ಅವರು ಓದಿದ ಗುರುಮಠ ಯಾವುದು, ಧರ್ಮೋಪದೇಶದ ಪುಸ್ತಕ ಯಾವ ಲಿಪಿಯದು ಎಂಬ ಪ್ರಶ್ನೆಗಳು ಎದ್ದವು. ಹೈದರಾಬಾದಿನ ಬಹುಪಾಲು ಕೆಲಸ ತೆಲುಗಿನಲ್ಲಿ ನಡೆಯುತ್ತದೆ. ಕನ್ನಡ ಶಾಲೆಗೆ ಹೋಗುವ ಭಾಲ್ಕಿಯ ಹುಡುಗಿಗೆ ಕನ್ನಡದ ಬೈಬಲ್ಲೇ ಬೇಕು, ಕನ್ನಡದ ಹಾಡೇ ಬೇಕು.

ಆ ಹುಡುಗಿ ಕನ್ನಡ ಶಾಲೆಗೆ ಹೋಗುವಂತಾದದ್ದೂ ತಾನಾಗಿ ಆದದ್ದಲ್ಲ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಪಾಠ ನಡೆಸಿದ ಕಥೆಯನ್ನು ಗಡಿನಾಡಿನ ಪ್ರತಿ ಮನೆಯಲ್ಲೂ ಹೇಳುತ್ತಾರೆ. ಅವರು ಕಲಿಸಿದ ಮಕ್ಕಳು ದೊಡ್ಡವರಾಗಿ ಮೇಷ್ಟ್ರುಗಳಾದರು, ಆ ಮೇಷ್ಟ್ರುಗಳು ಊರೂರಿನ ಶಾಲೆಗಳಲ್ಲಿ ಕನ್ನಡ ಊರಿದರು. ಬೀದರ್ ಜಿಲ್ಲೆಯಲ್ಲಿ ಐವತ್ತು ವರ್ಷ ಮುಂದಿನದನ್ನು ಕಂಡು ಕೆಲಸ ಮಾಡಿದವರು ಯಾರೆಂದು ಕೇಳಿದರೆ, ಮತದ ಹಂಗಿಲ್ಲದೆ, ಈ ಶತಾಯುಷಿಯ ಹೆಸರನ್ನೇ ಮೊದಲು ಹೇಳಬೇಕಾಗುತ್ತದೆ. ಬೀದರಿನ ಚರ್ಚಿನಲ್ಲಿ ಇಂದು ಕನ್ನಡದ ಬಲಿಪೂಜೆಗೆ ಸೇರುವವರು ಆ ದುಡಿಮೆಗೂ ಋಣಿಗಳು.

ಆದರೆ ಕನ್ನಡವೊಂದೇ ಸಾಕೇ? ಸಾಲದು. ಔರಾದ್ ಕಡೆ ಮರಾಠಿ ಮನೆಮಾತಾದ ಕುಟುಂಬಗಳು ಬಹಳ. ನಗರದಲ್ಲಿ ದಖನಿ ಉರ್ದು ಬೀದಿಯ ಮಾತು. ತಾಂಡಾಗಳಲ್ಲಿ ಲಂಬಾಣಿ. ತೆಲಂಗಾಣದ ಗಡಿಗೆ ಹೋದರೆ ತೆಲುಗು. ವಾಯುಪಡೆಯ ನೆಲೆ ಇರುವುದರಿಂದ ಕೇರಳ, ತಮಿಳುನಾಡು, ಗೋವೆಗಳಿಂದ ವರ್ಗವಾಗಿ ಬಂದವರಿಗೆ ಇಂಗ್ಲಿಷ್ ಪೂಜೆಯ ನಿರೀಕ್ಷೆ. ಒಂದು ಸಣ್ಣ ಧರ್ಮಕೇಂದ್ರ ಇಷ್ಟೆಲ್ಲ ಭಾಷೆಗಳನ್ನು ಹೇಗೆ ಸಂಭಾಳಿಸಬೇಕು? ಪೂಜೆಯ ಮೂಲಭಾಷೆ ಕನ್ನಡವಾಗಿರಲಿ, ಮನೆಭೇಟಿ ಮತ್ತು ಪಾಪನಿವೇದನೆ ಜನರ ಮನೆಮಾತಿನಲ್ಲಿ ನಡೆಯಲಿ ಎಂಬುದೇ ಅನುಭವಸ್ಥರ ದಾರಿ, ಸರಿಯಾದ ದಾರಿಯೂ ಹೌದು. ಔರಾದ್ ಸೀಮೆಗೆ ಕಳುಹಿಸುವ ಗುರುವಿಗೆ ಮರಾಠಿ ಕಲಿಸುವ ಕೆಲಸ ವರ್ಗಾವಣೆಯ ಪತ್ರ ಬಂದ ಮೇಲೆ ಶುರುವಾದರೆ ತಡ. ಗುರುಮಠದಲ್ಲಿರುವಾಗಲೇ ಆಗಬೇಕು.

2005ರ ನಂತರದ ದಿನಗಳು ಸುಲಭವಾಗಿರಲಿಲ್ಲ. ಅದೇ ರಾಜ್ಯದಲ್ಲಿ 2012ರಲ್ಲಿ ಮಂಗಳೂರಿನಿಂದ ಬೇರ್ಪಟ್ಟ ಉಡುಪಿ ಧರ್ಮಕ್ಷೇತ್ರವನ್ನು ಪಕ್ಕಕ್ಕಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಉಡುಪಿಗೆ ಶತಮಾನ ದಾಟಿದ ಚರ್ಚುಗಳು, ನಡೆಯುತ್ತಿದ್ದ ಶಾಲೆಗಳು, ಕೊಲ್ಲಿ ದೇಶಗಳಲ್ಲಿ ದುಡಿಯುವ ಮಕ್ಕಳು ಎಲ್ಲವೂ ಸಿದ್ಧವಾಗಿದ್ದವು. ಗುಲ್ಬರ್ಗಕ್ಕೆ ಸಿಕ್ಕಿದ್ದು ಒಣಭೂಮಿಯ ವಿಶಾಲ ಜಿಲ್ಲೆಗಳು, ಚದುರಿದ ಕುಟುಂಬಗಳು, ಬಹುಪಾಲು ಕರಾವಳಿಯಿಂದ ಬಂದ ಗುರುಗಳು. ಕೊಂಕಣಿ ಮನೆಮಾತಿನ ಆ ಯುವಕರು ಬೀದರ್ ಸೀಮೆಯ ಕನ್ನಡ ಕಲಿತು, ಇಲ್ಲಿನ ಬಿಸಿಲಿಗೆ ಒಗ್ಗಿ, ಹಳ್ಳಿಗಳಲ್ಲಿ ಉಳಿದದ್ದನ್ನು ಕೃತಜ್ಞತೆಯಿಂದ ದಾಖಲಿಸಲೇಬೇಕು. ಹುಮನಾಬಾದಿನಲ್ಲಿ ನೆಲೆನಿಂತ ಆರ್ಬಿಟ್ ಸಂಸ್ಥೆಯ ಇಂಗ್ಲಿಷ್ ಹೆಸರಿನ ತಾತ್ಪರ್ಯವೇ ಬೀದರಿನ ಸಮಗ್ರ ಪರಿವರ್ತನೆ. ಮಹಿಳೆಯರ ಸ್ವಸಹಾಯ ಸಂಘಗಳ ಮೂಲಕ ಅದು ಎಲ್ಲ ಧರ್ಮದವರ ಮನೆಯೊಳಗೂ ಹೋಯಿತು. ಸಂಘದಲ್ಲಿ ಉಳಿತಾಯ ಮಾಡಿ, ಸಾಲ ತೀರಿಸಿ, ಲೆಕ್ಕ ಬರೆದು ಕಲಿತ ಹೆಣ್ಣುಮಕ್ಕಳೇ ಮುಂದಿನ ಧರ್ಮಕೇಂದ್ರದ ದೊಡ್ಡ ಬಲ ಎಂಬುದು ಇನ್ನೂ ಅನೇಕ ಕಡೆ ಪೂರ್ತಿ ಅರಿವಿಗೆ ಬಂದಿಲ್ಲ.

ಧರ್ಮಾಧ್ಯಕ್ಷರ ಪೀಠವಿರುವ ಕಲಬುರಗಿಗೆ ದಾರಿಯೂ ದೂರವಿತ್ತು. 110 ಕಿಲೋಮೀಟರಿನ ಬೀದರ್–ಕಲಬುರಗಿ ರೈಲುಮಾರ್ಗ ಸಂಚಾರಕ್ಕೆ ತೆರೆದದ್ದು 2017ರ ಅಕ್ಟೋಬರ್ 29ರಂದು. ಧರ್ಮಕ್ಷೇತ್ರ ಬಂದು ಹನ್ನೆರಡು ವರ್ಷವಾದ ಮೇಲೆ.

ಇನ್ನು ಧರ್ಮಕೇಂದ್ರದೊಳಗಿನ ವ್ಯವಸ್ಥೆ. 1983ರ ಧರ್ಮಸಭೆಯ ಕಾನೂನು ಸಂಹಿತೆ ಈ ವಿಷಯದಲ್ಲಿ ಎರಡು ಬೇರೆ ಬೇರೆ ಸ್ವರದಲ್ಲಿ ಮಾತಾಡುತ್ತದೆ. 537ನೆಯ ವಿಧಿಯಂತೆ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ 536ನೆಯ ವಿಧಿ ಪಾಲನಾ ಪರಿಷತ್ತಿನ ಬಗೆಗಿನದು. ಅದನ್ನು ಧರ್ಮಾಧ್ಯಕ್ಷರು ಗುರುಮಂಡಳಿಯ ಅಭಿಪ್ರಾಯ ಕೇಳಿ, ಸೂಕ್ತವೆಂದು ಕಂಡರೆ ರಚಿಸಬಹುದು. ಅದರ ಮಾತು ಸಲಹೆಯ ಮಟ್ಟದ್ದು. ಹಣಕ್ಕೆ ಕಡ್ಡಾಯ, ಜನರ ಅಭಿಪ್ರಾಯಕ್ಕೆ ಐಚ್ಛಿಕ! 2024ರ ಅಕ್ಟೋಬರ್ 27ರಂದು ರೋಮಿನಲ್ಲಿ ಮುಗಿದ ಧರ್ಮಾಧ್ಯಕ್ಷರ ಸಿನೊಡ್ ಈ ಕೊರತೆಯನ್ನು ಗುರುತಿಸಿತು. ಧರ್ಮಕೇಂದ್ರ ಮತ್ತು ಧರ್ಮಕ್ಷೇತ್ರಗಳ ಪರಿಷತ್ತುಗಳನ್ನು ಕಡ್ಡಾಯಗೊಳಿಸಬೇಕೆಂದು ಅದರ ಅಂತಿಮ ದಸ್ತಾವೇಜು ಕೇಳಿತು. ಜಗದ್ಗುರು ಫ್ರಾನ್ಸಿಸರು ಅದನ್ನು ಅನುಮೋದಿಸಿ ಪ್ರಕಟಿಸಿದರು. ಕಾನೂನು ತಿದ್ದುಪಡಿಗೆ ಕಾಯದೆ ಪರಿಷತ್ತನ್ನು ಜೀವಂತವಾಗಿಡಲು ಬೀದರಿನ ಯಾವ ಧರ್ಮಕೇಂದ್ರಕ್ಕೂ ಅಡ್ಡಿಯಿಲ್ಲ. ಐದಾರು ವರ್ಷಕ್ಕೊಮ್ಮೆ ಫಾದರ್ ಬದಲಾಗುವ ಕಡೆ ಯೋಜನೆಯನ್ನು ನೆನಪಿಟ್ಟುಕೊಳ್ಳುವ ಜನ ಬೇಕು. ಊರಲ್ಲೇ ಇರುವ ಪರಿಷತ್ತಿನ ಸದಸ್ಯರು ಮಾತ್ರ ಆ ನೆನಪನ್ನು ಹೊರಬಲ್ಲರು.

ಯೋಜನೆ ಮಾಡುವವರು ಮೊದಲು ತೆರೆಯಬೇಕಾದದ್ದು ಜ್ಞಾನಸ್ನಾನದ ಪುಸ್ತಕ. ಉದ್ದನೆಯ ದಪ್ಪ ರಟ್ಟಿನ ಆ ಪುಸ್ತಕದಲ್ಲಿ ಅಡ್ಡ ಸಾಲಿಗೆ ಒಂದು ಮಗು. ಕ್ರಮಸಂಖ್ಯೆ, ಹುಟ್ಟಿದ ದಿನ, ಜ್ಞಾನಸ್ನಾನದ ದಿನ, ಮಗುವಿನ ಹೆಸರು, ತಂದೆ ತಾಯಿ, ಊರು, ಜ್ಞಾನ ತಂದೆ ತಾಯಿ, ಗುರುವಿನ ರುಜು. ಕೊನೆಯಲ್ಲಿ ಷರಾ ಬರೆಯಲು ಅಗಲವಾದ ಜಾಗ. ಈ ಷರಾದ ಅಂಕಣವೇ ಮುಖ್ಯ. ಮಗು ದೊಡ್ಡದಾಗಿ ದೃಢೀಕರಣ ಪಡೆದರೆ ಅಲ್ಲಿ ಬರೆಯಬೇಕು, ಮದುವೆಯಾದರೆ ಬರೆಯಬೇಕು, ಗುರುವಾದರೆ, ಸಿಸ್ಟರ್ ಆಗಿ ಕೊನೆಯ ವ್ರತ ತೆಗೆದುಕೊಂಡರೆ ಬರೆಯಬೇಕು. ಮದುವೆ ಪುಣೆಯಲ್ಲೋ ಸಿಕಂದರಾಬಾದಿನಲ್ಲೋ ಆದರೆ ಅಲ್ಲಿನ ಗುರುಗಳು ಜ್ಞಾನಸ್ನಾನವಾದ ಊರಿಗೆ ಚೀಟಿ ಕಳುಹಿಸಬೇಕೆಂದು 1122ನೆಯ ವಿಧಿ ಹೇಳುತ್ತದೆ. ಚೀಟಿ ಬಂದಾಗ ಇಲ್ಲಿ ಹಳೆಯ ಪುಟ ಹುಡುಕಿ ಷರಾ ಹಾಕಬೇಕು. ಮದುವೆಗಳನ್ನು ಗುರುಗಳು ಪುಸ್ತಕದಲ್ಲಿ ಬರೆದಿಡಬೇಕೆಂಬ ಕಟ್ಟುಪಾಡು 1563ರ ತ್ರೆಂತ್ ಮಹಾಸಭೆಯಷ್ಟು ಹಳೆಯದು.

ಆ ಅಂಕಣ ತುಂಬಿರುವ ಧರ್ಮಕೇಂದ್ರಕ್ಕೆ ತನ್ನ ಮಕ್ಕಳು ಎಲ್ಲಿದ್ದಾರೆಂದು ಗೊತ್ತು. ಖಾಲಿ ಬಿದ್ದಿರುವ ಕಡೆ ಮಕ್ಕಳು ಎಲ್ಲಿಗೆ ಹೋದರೆಂದು ಯಾರಿಗೂ ಗೊತ್ತಿಲ್ಲ.

ಲೆಕ್ಕ ಕಷ್ಟದ್ದಲ್ಲ. ಈ ವರ್ಷ ಪುಸ್ತಕಕ್ಕೆ ಹತ್ತು ಹೆಸರು ಬಿದ್ದರೆ ಎಂಟು ವರ್ಷದ ನಂತರ ಮೊದಲ ಪರಮಪ್ರಸಾದದ ತರಗತಿಯಲ್ಲಿ ಹತ್ತು ಮಕ್ಕಳಿರಬೇಕು. ಆರೇ ಇದ್ದರೆ ಉಳಿದ ನಾಲ್ವರು ವಲಸೆ ಹೋದರೇ, ಬೇರೆ ಸಭೆಗೆ ಹೋದರೇ, ಅಥವಾ ಮನೆಯಲ್ಲೇ ಇದ್ದೂ ಬರುತ್ತಿಲ್ಲವೇ? ಮೂರು ಕಾರಣಕ್ಕೂ ಬೇರೆ ಬೇರೆ ಮದ್ದು. ವಲಸೆಯಾದರೆ ಅಲ್ಲಿನ ಧರ್ಮಕೇಂದ್ರಕ್ಕೆ ಪತ್ರ ಬರೆಯಬೇಕು. ಬೇರೆ ಸಭೆಗೆ ಹೋಗಿದ್ದರೆ ಜಗಳವಾಡದೆ ಸಂಬಂಧ ಉಳಿಸಿಕೊಳ್ಳಬೇಕು. ಮನೆಯಲ್ಲೇ ಇದ್ದರೆ ಉಪದೇಶಿ ಆ ಮನೆಯ ಹೊಸ್ತಿಲು ತುಳಿಯಬೇಕು. ಹತ್ತು ವರ್ಷದ ಜ್ಞಾನಸ್ನಾನ, ಮದುವೆ, ಮರಣದ ಮೂರು ಪುಸ್ತಕಗಳನ್ನು ಊರುವಾರು ಬಿಡಿಸಿ ಒಂದೇ ಹಾಳೆಗೆ ಇಳಿಸಿದರೆ ಯಾವ ಹಳ್ಳಿ ಬೆಳೆಯುತ್ತಿದೆ, ಯಾವುದು ಖಾಲಿಯಾಗುತ್ತಿದೆ ಎಂಬುದು ಸಂಜೆಯೊಳಗೆ ಕಾಣುತ್ತದೆ. ಇದಕ್ಕೆ ಸಲಹೆಗಾರರ ಕಂಪನಿ ಬೇಡ. ಪಿಯುಸಿ ಓದಿದ ಇಬ್ಬರು ಯುವಕ ಯುವತಿಯರು ಸಾಕು.

ಬೀದರ್ ತಾಲ್ಲೂಕಿನ ಬಗದಲ್ ತರಹದ ಹೋಬಳಿ ಊರುಗಳ ಬಗ್ಗೆ ತೀರ್ಮಾನ ಮಾಡಲು ಈ ಹಾಳೆ ಬೇಕೇ ಬೇಕು. ದೊಡ್ಡ ಊರು, ಸುತ್ತ ಹಳ್ಳಿಗಳು, ನಗರಕ್ಕೆ ಬಸ್ಸಿನ ಅನುಕೂಲ. ಇಂಥ ಕಡೆ ಚರ್ಚು ಕಟ್ಟಬೇಕೇ, ತಿಂಗಳಿಗೊಮ್ಮೆ ಮನೆಯಲ್ಲಿ ಪೂಜೆ ಸಾಕೇ, ಭಾನುವಾರ ನಗರದ ಚರ್ಚಿಗೇ ವಾಹನ ವ್ಯವಸ್ಥೆ ಮಾಡಬೇಕೇ ಎಂಬ ಪ್ರಶ್ನೆ ಬೀದರಿನ ಎಲ್ಲ ಹೋಬಳಿಗಳದ್ದು. ರೂಢಿಯ ಹಾದಿ ಮೆಟ್ಟಿಲು ಮೆಟ್ಟಿಲಾಗಿದೆ. ಮೊದಲು ಉಪಕೇಂದ್ರ, ಆಮೇಲೆ ಕಾನೂನು ಸಂಹಿತೆಯ 516ನೆಯ ವಿಧಿಯ ಅರೆ ಧರ್ಮಕೇಂದ್ರ, ಕೊನೆಗೆ ಧರ್ಮಾಧ್ಯಕ್ಷರು ಗುರುಮಂಡಳಿಯನ್ನು ಕೇಳಿ ಸ್ಥಾಪಿಸುವ ಪೂರ್ಣ ಧರ್ಮಕೇಂದ್ರ. ಜಾಗ ಅಗ್ಗಕ್ಕೆ ಸಿಕ್ಕಿತೆಂದು ಕೊನೆಯ ಮೆಟ್ಟಿಲಿನಿಂದ ಶುರುಮಾಡುವುದು ತಪ್ಪು. ಜನ ಕೂಡಿದ ಮೇಲೆ ಜಾಗ ಹುಡುಕುವುದೂ ತಪ್ಪು, ಏಕೆಂದರೆ ಅಷ್ಟರಲ್ಲಿ ಬೆಲೆ ಕೈಮೀರಿರುತ್ತದೆ.

ಬೀದರಿನಲ್ಲಿ ಜನರನ್ನು ಎಣಿಸುವುದು ಬೇರೆ ಜಿಲ್ಲೆಗಳಷ್ಟು ಸುಲಭವಲ್ಲ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 17,03,300. ಸೋಯಾ, ತೊಗರಿ, ಉದ್ದು ಕೈಕೊಟ್ಟ ವರ್ಷ ಆ ಜನಸಂಖ್ಯೆಯ ಒಂದು ಪಾಲು ಹೈದರಾಬಾದ್, ಪುಣೆ, ಮುಂಬಯಿಯ ಕಟ್ಟಡ ಕೆಲಸಕ್ಕೆ ಹೊರಡುತ್ತದೆ. ಕ್ರಿಸ್ಮಸ್ ರಾತ್ರಿ ಚರ್ಚಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಫೆಬ್ರವರಿಯ ಭಾನುವಾರ ಅರ್ಧ ಬೆಂಚು ಖಾಲಿ. ಕ್ರಿಸ್ಮಸ್ಸಿನ ಗುಂಪು ನೋಡಿ ಕಟ್ಟಿದ ಚರ್ಚು ವರ್ಷದ ಉಳಿದ ದಿನ ಬಣಗುಡುತ್ತದೆ. ಫೆಬ್ರವರಿಯನ್ನು ನೋಡಿ ಸುಮ್ಮನಾದರೆ ಹಬ್ಬಕ್ಕೆ ಬಂದ ಮಗ ಹೊರಗೆ ನಿಲ್ಲುತ್ತಾನೆ. ಆದ್ದರಿಂದ ವರ್ಷಕ್ಕೆ ಎರಡು ಸಲವಾದರೂ ತಲೆ ಎಣಿಸಬೇಕು. ವಲಸೆ ಹೋದವರ ಫೋನ್ ನಂಬರು, ಅವರಿರುವ ಪಟ್ಟಣದ ಧರ್ಮಕೇಂದ್ರದ ಹೆಸರು ಕುಟುಂಬದ ಕಾರ್ಡಿನಲ್ಲಿ ಇರಬೇಕು.

ಇನ್ನೊಂದು ಸಂಗತಿ ಮಕ್ಕಳ ಓದಿಗೆ ನೇರವಾಗಿ ಸಂಬಂಧಿಸಿದ್ದು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಮಾನ್ಯತೆ ಮೊದಲು ಹಿಂದೂಗಳಿಗಷ್ಟೇ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ದಲಿತ ಕ್ರೈಸ್ತರು ಇಂದಿಗೂ ಹೊರಗೆ. ಗುರುದ್ವಾರವೂ ಬುದ್ಧವಿಹಾರಗಳೂ ಇರುವ ಬೀದರಿನಲ್ಲಿ ಈ ಭೇದ ಪಕ್ಕದ ಪಕ್ಕದ ಮನೆಗಳಲ್ಲೇ ಕಾಣುತ್ತದೆ. ಒಂದೇ ಗಲ್ಲಿಯ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ವಿದ್ಯಾರ್ಥಿವೇತನ, ಇನ್ನೊಬ್ಬಳಿಗೆ ಇಲ್ಲ. ಹೋರಾಟ ನಡೆಯಲಿ, ನಡೆಯಲೇಬೇಕು. ಅದು ಗೆಲ್ಲುವತನಕ ಆ ಹುಡುಗಿಯ ಫೀಸು ಯಾರು ಕಟ್ಟುತ್ತಾರೆಂಬುದನ್ನು ಧರ್ಮಕೇಂದ್ರದ ಬಜೆಟ್ಟು ಹೇಳಬೇಕು. ವಾರ್ಷಿಕ ಅಂದಾಜು ಆಯವ್ಯಯ ತಯಾರಿಸಿ ಎಂದು ಸಂಹಿತೆಯ 1284ನೆಯ ವಿಧಿ ಒತ್ತಿ ಹೇಳುತ್ತದೆ. ಗೋಡೆಗೆ ಹೊಸ ಬಣ್ಣಕ್ಕೆ ಎಷ್ಟು, ಮಕ್ಕಳ ಓದಿಗೆ ಎಷ್ಟು ಎಂಬ ಎರಡು ಸಾಲು ನೋಡಿದರೆ ಯಾವ ಧರ್ಮಕೇಂದ್ರ ಮುಂದಿನ ತಲೆಮಾರಿನ ಚಿಂತೆ ಮಾಡುತ್ತಿದೆ ಎಂಬುದು ಗೊತ್ತಾಗುತ್ತದೆ.

ಜನರನ್ನು ಒಪ್ಪಿಸದೆ ಮಾಡಿದ ಯೋಜನೆಗೆ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆಯೊಂದಿದೆ. ಅಮೆರಿಕದ ಬಾಸ್ಟನ್ ಮಹಾಧರ್ಮಕ್ಷೇತ್ರ 2004ರಲ್ಲಿ ತನ್ನ 357 ಧರ್ಮಕೇಂದ್ರಗಳ ಪೈಕಿ 65ನ್ನು ಮುಚ್ಚುವುದಾಗಿ ಪ್ರಕಟಿಸಿತು. ಗುರುಗಳು ಕಡಿಮೆ, ಹಣ ಕಡಿಮೆ, ಬರುವ ಜನ ಕಡಿಮೆ ಎಂಬ ಕಾರಣಗಳು ಸುಳ್ಳಾಗಿರಲಿಲ್ಲ. ಆದರೂ ಸಿಚುಯೇಟ್ ಎಂಬ ಊರಿನ ಸಂತ ಫ್ರಾನ್ಸಿಸ್ ಕಬ್ರೀನಿ ಚರ್ಚಿನ ಜನ ಬೀಗ ಹಾಕಲು ಬಿಡದೆ, ಪಾಳಿ ಹಾಕಿಕೊಂಡು ಹಗಲೂ ರಾತ್ರಿ ಚರ್ಚಿನೊಳಗೇ ಕುಳಿತರು. 2004ರಿಂದ 2016ರವರೆಗೆ ಹನ್ನೊಂದು ವರ್ಷಕ್ಕೂ ಮಿಕ್ಕಿ! ಗುರುಗಳ ಕೊರತೆ, ಧರ್ಮಕ್ಷೇತ್ರದ ಒಟ್ಟಾರೆ ಹಣಕಾಸಿನ ಸ್ಥಿತಿಗಳಂಥ ಸಾಮಾನ್ಯ ಕಾರಣ ಮುಂದಿಟ್ಟುಕೊಂಡು ಧರ್ಮಕೇಂದ್ರ ರದ್ದುಮಾಡುವಂತಿಲ್ಲವೆಂದು ವ್ಯಾಟಿಕನ್ 2020ರ ಸೂಚನಾಪತ್ರದಲ್ಲಿ ತಿಳಿಸಿತು. ಬಾಸ್ಟನ್ನಿನದು ಮುಚ್ಚುವ ಯೋಜನೆ, ಬೀದರಿನದು ತೆರೆಯುವ ಯೋಜನೆ. ಆದರೆ ಜನರನ್ನು ಜೊತೆಗೆ ಕರೆದೊಯ್ಯಬೇಕೆಂಬ ಪಾಠ ಎರಡಕ್ಕೂ ಒಂದೇ.

ಇದೇ ನಾಡಿನಲ್ಲಿ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಚರ್ಚು ಹೇಮಾವತಿಯ ಹಿನ್ನೀರಿಗೆ ಸಿಕ್ಕಿ ಪಾಳುಬಿದ್ದಿದೆ. ಫ್ರೆಂಚ್ ಮಿಶನರಿಗಳು ಕಟ್ಟಿದ ಆ ಚರ್ಚನ್ನು ನೋಡಲು ಈಗ ಪ್ರವಾಸಿಗರು ಬರುತ್ತಾರೆ. ಅಲ್ಲಿ ಪ್ರಾರ್ಥಿಸುತ್ತಿದ್ದ ಕುಟುಂಬಗಳು ಬೇರೆಡೆ ಹೋಗಿ ನೆಲೆಸಿ ತಮ್ಮ ಧರ್ಮಕೇಂದ್ರದ ಬದುಕು ಮುಂದುವರಿಸಿದವು. ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದಲ್ಲಿ ಹೊಲ ಮನೆ ಕಳೆದುಕೊಂಡವರಿಗೆ, ಕಟ್ಟಡ ಹೋದರೂ ಜನ ಉಳಿದರೆ ಧರ್ಮಕೇಂದ್ರ ಉಳಿಯುತ್ತದೆ ಎಂಬ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ತಯಾರಾಗಬೇಕಾದ ಜನರ ಪೈಕಿ ಗುರುಗಳ ತರಬೇತಿಗೆ ಹತ್ತು ವರ್ಷಕ್ಕಿಂತ ಹೆಚ್ಚು ಬೇಕು. ಇವತ್ತು ಎಸ್ಸೆಸ್ಸೆಲ್ಸಿ ಮುಗಿಸಿದ ಔರಾದಿನ ಹುಡುಗನೊಬ್ಬ ಗುರುಮಠ ಸೇರಿದರೆ ಅವನ ಮೊದಲ ಬಲಿಪೂಜೆ ಮುಂದಿನ ದಶಕದ ಕೊನೆಗೆ. ಅಲ್ಲಿಯವರೆಗೆ ಹಳ್ಳಿಗಳನ್ನು ಹಿಡಿದಿಡುವವರು ಉಪದೇಶಿಗಳು ಮತ್ತು ಸಿಸ್ಟರುಗಳು. ಜಗದ್ಗುರು ಫ್ರಾನ್ಸಿಸರು 2021ರ ಜನವರಿಯಲ್ಲಿ ವಾಚಕರ ಮತ್ತು ಪೀಠಸೇವಕರ ಸೇವೆಗಳನ್ನು ಮಹಿಳೆಯರಿಗೂ ತೆರೆದರು. ಅದೇ ವರ್ಷ ಮೇ ತಿಂಗಳಲ್ಲಿ ಉಪದೇಶಿಯ ಕೆಲಸವನ್ನು ಧರ್ಮಸಭೆಯ ಅಧಿಕೃತ ಸೇವೆಯಾಗಿ ಸ್ಥಾಪಿಸಿದರು. ಬೀದರ್ ಸೀಮೆಗೆ ಇದಕ್ಕಿಂತ ಹೊಂದುವ ಅವಕಾಶ ಇನ್ನೊಂದಿಲ್ಲ. ಊರಿನ ಮಾತು ಬಲ್ಲ, ಊರಲ್ಲೇ ಬಾಳುವ ಸೊಸೆಯೊಬ್ಬಳು ಎರಡು ವರ್ಷದ ತರಬೇತಿ ಪಡೆದರೆ ಮೂವತ್ತು ವರ್ಷ ಆ ಹಳ್ಳಿಗೆ ಧರ್ಮ ಕಲಿಸಬಲ್ಲಳು. ಅವಳಿಗೆ ಗೌರವದ ಸಂಬಳ ಕೊಡಬೇಕು. ಪುಕ್ಕಟೆ ಸೇವೆಯ ಮೇಲೆ ಮೂವತ್ತು ವರ್ಷದ ಯೋಜನೆ ನಿಲ್ಲುವುದಿಲ್ಲ.

ಕಾಗದಪತ್ರಗಳ ವಿಷಯ ಬೇಸರದ್ದಾದರೂ ಬಿಡುವಂತಿಲ್ಲ. ನಿಜಾಮರ ಕಾಲದ ಜಮೀನಿನ ದಾಖಲೆಗಳು ಉರ್ದುವಿನಲ್ಲಿವೆ, ಅವನ್ನು ಓದಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಪಹಣಿ ಈಗ ಭೂಮಿ ತಂತ್ರಾಂಶದಲ್ಲಿದೆ, ಹಳ್ಳಿಯ ಆಸ್ತಿಗೆ ಇ-ಸ್ವತ್ತಿನ ಫಾರಂ 9 ಮತ್ತು 11 ಬೇಕು, ಹೊಲದಲ್ಲಿ ಕಟ್ಟಲು ಎನ್‌ಎ (ಕೃಷಿಯೇತರ ಪರಿವರ್ತನೆ) ಆಗಿರಬೇಕು. ಧಾರ್ಮಿಕ ಸಂಸ್ಥೆಗಳು ಕೃಷಿಭೂಮಿ ಹೊಂದದಂತೆ ತಡೆದಿದ್ದ ಭೂಸುಧಾರಣಾ ಕಾಯ್ದೆಯ 79ಬಿ ಕಲಮನ್ನು ರಾಜ್ಯ ಸರ್ಕಾರ 2020ರಲ್ಲಿ ತೆಗೆದುಹಾಕಿತು. ಹಿಂದಿನ ಖರೀದಿಗಳ ಕಾಗದ ಯಾರ ಹೆಸರಿನಲ್ಲಿದೆ ಎಂದು ನೋಡುವುದು ಮಾತ್ರ ಇನ್ನೂ ಅಗತ್ಯ. ಸ್ಮಶಾನದ ಜಾಗಕ್ಕಂತೂ ಎಲ್ಲಕ್ಕಿಂತ ಮೊದಲು ಗಡಿಕಲ್ಲು ಹಾಕಿಸಬೇಕು. ಆಸ್ತಿಯ ಪಟ್ಟಿ ಮಾಡಿ ಒಂದು ಪ್ರತಿ ಧರ್ಮಕೇಂದ್ರದಲ್ಲಿ, ಇನ್ನೊಂದು ಧರ್ಮಾಧ್ಯಕ್ಷರ ಕಚೇರಿಯಲ್ಲಿ ಇಡಬೇಕೆಂದು ಸಂಹಿತೆಯೇ ಹೇಳಿದೆ. ಉರ್ದು ಓದಬಲ್ಲ ಹಿರಿಯರು ಇರುವಾಗಲೇ ಅವರನ್ನು ಕೂರಿಸಿ ಆ ಹಾಳೆಗಳ ಕನ್ನಡ ಪ್ರತಿ ಮಾಡಿಸಿಕೊಳ್ಳುವುದು ಜಾಣತನ.

ಚಿಟಗುಪ್ಪ, ಹುಲಸೂರು, ಕಮಲನಗರಗಳು ಹೊಸ ತಾಲ್ಲೂಕುಗಳಾಗಿ ಐದಿದ್ದ ಜಿಲ್ಲೆಯ ತಾಲ್ಲೂಕುಗಳು ಎಂಟಾಗಿವೆ. ಕಚೇರಿ, ಕೋರ್ಟು, ಕಾಲೇಜುಗಳು ಬಂದ ಕಡೆ ಜನರೂ ಹೋಗುತ್ತಾರೆ. 2027ಕ್ಕೆ ದೇಶದ ಮುಂದಿನ ಜನಗಣತಿ. ಗುಲ್ಬರ್ಗ ಧರ್ಮಕ್ಷೇತ್ರಕ್ಕೆ 2025ರ ಜೂನ್ 24ಕ್ಕೆ ಇಪ್ಪತ್ತು ವರ್ಷ ತುಂಬಿತು. ಬೆಳ್ಳಿಹಬ್ಬ 2030ರ ಜೂನ್ 24ಕ್ಕೆ. ಮೆರವಣಿಗೆ, ಮಂಟಪ, ಸಂಚಿಕೆಗಳಿಗೆ ಸಮಿತಿಗಳು ತಾವಾಗಿ ಹುಟ್ಟಿಕೊಳ್ಳುತ್ತವೆ. ಬೀದರ್, ಭಾಲ್ಕಿ, ಔರಾದ್ ಸೀಮೆಯ ಪ್ರತಿಯೊಂದು ಧರ್ಮಕೇಂದ್ರದ ಪರಿಷತ್ತಿನಲ್ಲಿ ವಿನಂತಿ ಒಂದೇ: ಆ ಹಬ್ಬಕ್ಕೆ ಮುಂಚೆ ಜ್ಞಾನಸ್ನಾನದ ಪುಸ್ತಕದ ಖಾಲಿ ಷರಾಗಳನ್ನು ಮನೆಮನೆಗೆ ಹೋಗಿ ತುಂಬಿಸಿ, ಊರುವಾರು ಹಾಳೆಯನ್ನು ಸಿದ್ಧಮಾಡಿ ಧರ್ಮಾಧ್ಯಕ್ಷರ ಕೈಗೆ ಕೊಡಿ. ಹೊಸ ಚರ್ಚು ಎಲ್ಲಿ, ಉಪದೇಶಿ ಎಲ್ಲಿ, ಹಾಸ್ಟೆಲ್ಲು ಎಲ್ಲಿ ಎಂಬ ಮಾತು ಆ ಹಾಳೆ ಕೈಯಲ್ಲಿ ಹಿಡಿದು ಆಡೋಣ.